ಮಗಳಿಗೊಂದು ಪತ್ರ: ಇಪ್ಪತ್ತು ಬ್ಯಾಂಡ್ ಕೇಳಿದ್ದಕ್ಕೆ

ಪುಟ್ಟೀ,

"ಅಮ್ಮಾ, ಯಾರಿಗೂ ಜಾಸ್ತಿ ಗೊತ್ತಿಲ್ದಿರೋ, ದೊಡ್ಡ ಕಂಪನಿಗಳ ಹಂಗಿಲ್ದೆ ತಮ್ಮ ಪಾಡಿಗೆ ಹಾಡು ಮಾಡೋ ಒಳ್ಳೆ ಇಂಡೀ ರಾಕ್ ಬ್ಯಾಂಡ್ ಒಂದಿಪ್ಪತ್ತು ಹೆಸರು ಕಳ್ಸು, ಫ್ರೆಂಡ್ಸೆಲ್ಲ ಕೇಳ್ತಿದಾರೆ" ಅಂತ ಮೆಸೇಜ್ ಹಾಕಿದ್ಯಲ್ಲ, ಅದಕ್ಕೆ ಫೋನಲ್ಲೇ ಉತ್ತರ ಟೈಪ್ ಮಾಡೋಕೆ ಶುರು ಮಾಡ್ದೆ, ಬರೀತಾ ಬರೀತಾ ಸ್ಕ್ರೀನ್ ಸಾಲದೇ ಹೋಯ್ತು, ಸರಿ ಮೇಲ್ ಬರೆಯೋಣ ಅಂತ ಕೂತಿದೀನಿ. ಇಪ್ಪತ್ತು ಹೆಸರು ಕಳ್ಸಲ್ಲ ಕಣೇ. ಇಪ್ಪತ್ತು ಹೆಸರಿನ ಲಿಸ್ಟ್ ಕೈಗೆ ಬಂದ್ರೆ ಯಾರೂ ಕೇಳಲ್ಲ, ಸೇವ್ ಮಾಡಿ ಇಟ್ಕೋತಾರೆ, ಆಮೇಲೆ ಮರ್ತೇಬಿಡ್ತಾರೆ. ಅದರ ಬದ್ಲು ನಾನು ಹೆಂಗೆ ಹುಡುಕ್ತೀನಿ ಅಂತ ಹೇಳ್ತೀನಿ, ಹೇಳ್ತಾ ಹೇಳ್ತಾ ಒಂದಷ್ಟು ಹೆಸರು ತಾವಾಗೇ ಬರ್ತಾವೆ.

ನೀನು ಕಳ್ಸಿದ್ದ ರೀಲ್‌ನಿಂದಲೇ ಶುರು ಮಾಡೋಣ. ಅದರಲ್ಲಿ ಹಾಡೋದೋ ಮಾತಾಡೋದೋ ಗೊತ್ತಾಗ್ದಿರೋ ಥರ ಒಬ್ಳು ಒಂದೇ ಪದಾನ ಮತ್ತೆ ಮತ್ತೆ ಹೇಳ್ತಿರ್ತಾಳಲ್ಲ, ಆ ಬ್ಯಾಂಡ್ ಹೆಸರು ಲೈಫ್ ವಿದೌಟ್ ಬಿಲ್ಡಿಂಗ್ಸ್, ಗ್ಲಾಸ್ಗೋದವರು, ಹಾಡು 'ದಿ ಲೀನೋವರ್'. 2001ರಲ್ಲಿ 'ಎನಿ ಅದರ್ ಸಿಟಿ' ಅಂತ ಒಂದೇ ಒಂದು ಸ್ಟುಡಿಯೋ ಆಲ್ಬಂ ಮಾಡಿದ್ರು, ಮಾರನೇ ವರ್ಷ ಬ್ಯಾಂಡೇ ಮುಗೀತು. ಹಾಡಿರೋ ಸೂ ಟಾಂಪ್ಕಿನ್ಸ್ ಮೂಲತಃ ಆರ್ಟಿಸ್ಟ್, ಮತ್ತೆ ಆ ಕಡೆಗೇ ಹೋದ್ರು. ಇಪ್ಪತ್ತು ವರ್ಷ ಕಳೆದ್ಮೇಲೆ ಟಿಕ್‌ಟಾಕ್‌ನಲ್ಲಿ ಆ ಹಾಡಿನ ಒಂದು ತುಣುಕು ಹಬ್ಬಿ ಅವಾಗ ಹುಟ್ಟೇ ಇರದಿದ್ದ ಮಕ್ಕಳೆಲ್ಲ ಅದಕ್ಕೆ ತುಟಿ ಆಡಿಸೋಕೆ ಶುರು ಮಾಡಿದ್ರು. ಆದ್ರೆ ತುಣುಕು ಬೇರೆ, ಪೂರ್ತಿ ಹಾಡು ಬೇರೆ. ಪೂರ್ತಿ ಕೇಳು. ಗಿಟಾರಲ್ಲಿ ಅಬ್ಬರ ಇಲ್ಲ, ಒಂದೊಂದು ತಂತೀನೂ ಬಿಡಿಬಿಡಿಯಾಗಿ ಕೇಳ್ಸುತ್ತೆ, ಡ್ರಮ್ಸ್ ತನ್ನ ಪಾಡಿಗೆ ತಾನು ಹೋಗ್ತಿರುತ್ತೆ, ಇವಳು ಮಾತ್ರ ಪದಗಳನ್ನ ಒಡೆದು, ತೊದಲಿ, ಮಧ್ಯೆ ನಕ್ಕಂಗೆ ಮಾಡಿ, ಎಲ್ಲಿ ನಿಲ್ಲಿಸ್ತಾಳೆ ಎಲ್ಲಿ ಮತ್ತೆ ಶುರು ಮಾಡ್ತಾಳೆ ಅಂತಾನೇ ಗೊತ್ತಾಗಲ್ಲ. ಮೊದಲ ಸಲ ನಂಗೆ ಕಿರಿಕಿರಿ ಆಗಿತ್ತು. ಈಗ ಆ ದನಿ ಇಲ್ದೆ ಆ ಗಿಟಾರ್ ಊಹಿಸ್ಕೊಳ್ಳೋಕೂ ಆಗಲ್ಲ.

ಆ್ಯಪ್ ತಾನಾಗೇ ತೋರಿಸುತ್ತಲ್ಲ, ನೀನ್ಯಾಕೆ ಇಷ್ಟು ಕಷ್ಟಪಡ್ತೀಯ ಅಂತೀಯ. ತೋರಿಸುತ್ತೆ, ಇಲ್ಲ ಅನ್ನಲ್ಲ. ಆದ್ರೆ ಅದರ ಲೆಕ್ಕ ಬಹುಮಟ್ಟಿಗೆ ಇದನ್ನ ಕೇಳಿದವರು ಇನ್ನೇನು ಕೇಳಿದ್ರು ಅನ್ನೋದರ ಮೇಲೆ ನಿಂತಿದೆ, ಯಾರೂ ಕೇಳದೇ ಇರೋ ಬ್ಯಾಂಡ್ ಬಗ್ಗೆ ಅದಕ್ಕೆ ಲೆಕ್ಕ ಹಾಕೋಕೆ ಏನಿರುತ್ತೆ ಹೇಳು? ಇನ್ನೊಂದು ತಮಾಷೆ ಇದೆ. ಪೇವ್‌ಮೆಂಟ್ ಅಂತ ಒಂದು ಬ್ಯಾಂಡ್, ಅವರು ಆಲ್ಬಮ್ಮಿಗೆ ಬೇಡ ಅಂತ ಬಿಟ್ಟು 1999ರಲ್ಲಿ ಒಂದು ಸಿಂಗಲ್ (ಒಂದು ಹಾಡಿಗೆ ಅಂತ ಬಿಡೋ ಸಣ್ಣ ರೆಕಾರ್ಡ್) ಜೊತೆ ಬಿ ಸೈಡ್, ಅಂದ್ರೆ ಜೊತೆಗೊಂದು ಇರ್ಲಿ ಅನ್ನೋ ಹಾಡಾಗಿ ಹಾಕಿದ್ದ 'ಹಾರ್ನೆಸ್ ಯುವರ್ ಹೋಪ್ಸ್' ಅನ್ನೋ ಹಾಡು ಈಗ ಸ್ಪಾಟಿಫೈನಲ್ಲಿ ಅವರ ಅತಿ ಹೆಚ್ಚು ಕೇಳೋ ಹಾಡು. ಗ್ಯಾಲಕ್ಸಿ 500 ಅನ್ನೋ ಬ್ಯಾಂಡಿಗೂ ಹಿಂಗೇ ಆಯ್ತು, ಸಿಂಗಲ್ ಕೂಡ ಆಗಿರದ 'ಸ್ಟ್ರೇಂಜ್' ಇದ್ದಕ್ಕಿದ್ದಂಗೆ ಮೇಲಕ್ಕೆ ಹೋಯ್ತು. ಅವರ ಡ್ರಮ್ಮರ್ ಡೇಮನ್ ಕ್ರುಕೌಸ್ಕಿ ಇದೇನಪ್ಪಾ ಅಂತ ಕೆದಕಿ ಬರೆದಿದಾರೆ: 2017ರ ಶುರುವಿನಲ್ಲಿ ಸ್ಪಾಟಿಫೈ ಆಟೋಪ್ಲೇನ ಎಲ್ಲರಿಗೂ ತಾನಾಗೇ ಆನ್ ಮಾಡ್ತು, ಅವರ ಹಾಡುಗಳಲ್ಲಿ ಬೇರೆ ಬ್ಯಾಂಡ್‌ಗಳ ಹಾಡಿಗೆ ಹೆಚ್ಚು ಹೋಲೋದು ಅದೇ, ಹಂಗಾಗಿ ಯಾರದೋ ಹಾಡು ಮುಗಿದ ತಕ್ಷಣ ಅದೇ ಬರೋಕೆ ಶುರುವಾಯ್ತು ಅಂತ. ನೋಡು, ಅವರ ಥರ ಕಮ್ಮಿ, ಮಿಕ್ಕವರ ಥರ ಜಾಸ್ತಿ ಇರೋ ಹಾಡು ಗೆದ್ದಿದ್ದು. ನಂಗೆ ಬೇಕಾಗಿರೋದು ಅದರ ಉಲ್ಟಾ.

ಅದಕ್ಕೇ ನಾನು ಹಾಡಿನ ಸದ್ದು ಹಿಡ್ಕೊಂಡು ಹೋಗಲ್ಲ, ಹೆಸರು ಹಿಡ್ಕೊಂಡು ಹೋಗ್ತೀನಿ. ಆಲ್ಬಂ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತಲ್ಲ, ಯಾರು ರೆಕಾರ್ಡ್ ಮಾಡಿದ್ರು, ಯಾವ ಲೇಬಲ್ (ಅಂದ್ರೆ ಆಲ್ಬಂ ಹೊರತಂದ ಕಂಪನಿ), ಯಾರಿಗೆ ಥ್ಯಾಂಕ್ಸ್, ನಿಜವಾದ ಲಿಸ್ಟ್ ಅಲ್ಲಿದೆ. ಗ್ಯಾಲಕ್ಸಿ 500ದೇ ತಗೋ, ಹಾರ್ವರ್ಡಲ್ಲಿ ಓದ್ತಿದ್ದ ಮೂವರು, ಮೂರೇ ಆಲ್ಬಂ, ನೀನು 1989ರ 'ಆನ್ ಫೈರ್' ಇಂದ ಶುರು ಮಾಡು. ಮೂರಕ್ಕೂ ಪ್ರೊಡ್ಯೂಸರ್, ಅಂದ್ರೆ ರೆಕಾರ್ಡಿಂಗ್ ಹೆಂಗೆ ಕೇಳ್ಸ್ಬೇಕು ಅಂತ ನೋಡ್ಕೊಂಡೋನು, ಕ್ರೇಮರ್ ಅಂತ. ದನಿಗೆ ಎಷ್ಟು ರಿವರ್ಬ್ (ದೊಡ್ಡ ಹಾಲಲ್ಲಿ ಕೇಳ್ಸೋ ಥರದ ಮಾರ್ದನಿ) ಹಾಕಿದಾನೆ ಅಂದ್ರೆ ಹಾಡೋನು ಪಕ್ಕದ ಕಟ್ಟಡದಲ್ಲಿ ನಿಂತಿದಾನೇನೋ ಅನ್ಸುತ್ತೆ. ಈ ಕ್ರೇಮರ್ ಇನ್ಯಾರ ಜೊತೆ ಕೆಲಸ ಮಾಡಿದಾನೆ ಅಂತ ಹುಡುಕಿದ್ರೆ 'ಲೋ' ಅನ್ನೋ ಬ್ಯಾಂಡಿನವರು ಸಿಗ್ತಾರೆ. ಮಿನೆಸೋಟದ ಡುಲೂತ್ ಅನ್ನೋ ಊರಿನ ಗಂಡ ಹೆಂಡತಿ, ಜೊತೆಗೊಬ್ಬ ಬೇಸ್ ಗಿಟಾರ್ ನುಡಿಸೋನು. 1994ರಲ್ಲಿ ಊರೆಲ್ಲ ಗ್ರಂಜ್ ಅನ್ನೋ ಅಬ್ಬರದ ರಾಕ್ ಅಂತ ಗಂಟಲು ಹರ್ಕೊಳ್ತಿರೋವಾಗ ಇವರ ಮೊದಲ ಆಲ್ಬಂ ಬಂತು, ಎಷ್ಟು ನಿಧಾನ ಅಂದ್ರೆ ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ಮಧ್ಯೆ ನೀನು ಉಸಿರು ಎಳ್ಕೊಂಡು ಬಿಡಬಹುದು. ಶೋನಲ್ಲಿ ಜನ ಗಲಾಟೆ ಮಾಡಿದ್ರೆ ಇವರು ವಾಲ್ಯೂಮ್ ಇನ್ನೂ ಇಳಿಸ್ತಿದ್ರಂತೆ. ಎಂಥಾ ಗಟ್ಟಿ ಜನ!

ಲೇಬಲ್ ಹಿಡ್ಕೊಂಡು ಹೋಗೋದು ಇನ್ನೊಂದು ದಾರಿ, ನನಗೆ ಇದೇ ಹೆಚ್ಚು ಇಷ್ಟ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಲ್ಲಿ ರೆಕಾರ್ಡ್ ಅಂಗಡಿ ನೋಡ್ಕೋತಿದ್ದ ರೋಜರ್ ಶೆಫರ್ಡ್ 1981ರಲ್ಲಿ ಫ್ಲೈಯಿಂಗ್ ನನ್ ಅಂತ ಲೇಬಲ್ ಶುರು ಮಾಡಿದ್ರು. ಡುನೀಡಿನ್ ಊರಿನ ದಿ ಕ್ಲೀನ್ ಅನ್ನೋ ಬ್ಯಾಂಡಿನ 'ಟ್ಯಾಲಿ ಹೋ' ಸಿಂಗಲ್ ತಂದ್ರು, ಅದರ ರೆಕಾರ್ಡಿಂಗಿಗೆ ಅಲ್ಲಿನ ನೂರು ಡಾಲರ್ ಕೂಡ ಖರ್ಚಾಗಿರ್ಲಿಲ್ಲ, ಅದು ಆ ದೇಶದ ಟಾಪ್ ಟ್ವೆಂಟಿಗೆ ಹೋಗಿ ಕೂತ್ಕೊಳ್ತು. ಅದರಲ್ಲಿ ಕುಣಿಯೋ ಥರ ಆರ್ಗನ್ ಬರುತ್ತಲ್ಲ, ಅದನ್ನ ನುಡಿಸಿದ್ದು ದಿ ಚಿಲ್ಸ್ ಬ್ಯಾಂಡಿನ ಮಾರ್ಟಿನ್ ಫಿಲಿಪ್ಸ್. ನೋಡಿದ್ಯಾ, ಒಂದು ಆರ್ಗನ್ ಹಿಡ್ಕೊಂಡು ಇನ್ನೊಂದು ಬ್ಯಾಂಡ್ ಸಿಕ್ತು. ಅದೇ ವರ್ಷ ಬಂದ ದಿ ಕ್ಲೀನ್ ಅವರ ಇಪಿಯನ್ನ (ಆಲ್ಬಮ್ಮಿಗಿಂತ ಚಿಕ್ಕ, ಕೆಲವೇ ಹಾಡಿನ ರೆಕಾರ್ಡ್) ಕ್ರಿಸ್ ನಾಕ್ಸ್ ಮತ್ತೆ ಡಗ್ ಹುಡ್ ಅನ್ನೋ ಇಬ್ರು ಫೋರ್ ಟ್ರ್ಯಾಕ್ ಮೆಷಿನ್ನಲ್ಲಿ ರೆಕಾರ್ಡ್ ಮಾಡಿದ್ರು, ಅಂದ್ರೆ ದನಿ, ವಾದ್ಯ ಎಲ್ಲ ಬೇರೆಬೇರೆ ಹಿಡಿದಿಡೋಕೆ ಒಟ್ಟು ನಾಲ್ಕೇ ಟ್ರ್ಯಾಕು, ಜಾಗ ಸಾಲದಿದ್ರೆ ಎರಡನ್ನ ಸೇರಿಸಿ ಒಂದು ಮಾಡ್ಬೇಕು, ಸೇರಿಸಿದ್ಮೇಲೆ ಮತ್ತೆ ಬೇರೆ ಮಾಡೋ ಹಂಗಿಲ್ಲ. ಇವತ್ತು ನಿನ್ನ ಲ್ಯಾಪ್‌ಟಾಪಲ್ಲಿ ಬೇಕಾದಷ್ಟು ಟ್ರ್ಯಾಕ್ ಹಾಕಬಹುದು, ಆದ್ರೂ ಆ ನಾಲ್ಕರಲ್ಲಿ ಇರೋ ಹುಮ್ಮಸ್ಸು ಎಲ್ಲಿಂದ ಬರ್ಬೇಕು? ಅದೇ ಲೇಬಲ್ಲಲ್ಲಿ ಲುಕ್ ಬ್ಲೂ ಗೋ ಪರ್ಪಲ್ ಅಂತ ಐದು ಜನ ಹೆಣ್ಮಕ್ಕಳ ಬ್ಯಾಂಡ್ ಇದೆ, ರಾಕ್ ಬ್ಯಾಂಡಲ್ಲಿ ಫ್ಲೂಟ್ ಇಟ್ಕೊಂಡಿದ್ರು, ಮೂರು ಇಪಿ ಮಾಡಿ ಮುಗ್ಸಿದ್ರು. ನೀನು ಇವರನ್ನ ಕೇಳದೇ ಬಿಟ್ರೆ ನಾನು ಸುಮ್ನಿರಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸೇರಾ ರೆಕಾರ್ಡ್ಸ್ ಅಂತ ಇನ್ನೊಂದು ಲೇಬಲ್ ಇತ್ತು, 1987ರಲ್ಲಿ ಶುರು, ಒಂದೊಂದು ರಿಲೀಸಿಗೂ ನಂಬರ್ ಹಾಕ್ತಾ ಬಂದು 1995ರಲ್ಲಿ ನೂರಕ್ಕೆ ತಲುಪಿದ ಕೂಡಲೇ ಬಾಗಿಲು ಹಾಕಿಬಿಟ್ರು. ನಷ್ಟ ಆಯ್ತು ಅಂತ ಅಲ್ಲ, ಸಾಕು ಅಂತ. ಅಲ್ಲಿಂದ ಹೆವೆನ್ಲಿ ಅನ್ನೋ ಬ್ಯಾಂಡ್ ಕೇಳು, ಹಾಡಿರೋದು ಅಮೀಲಿಯಾ ಫ್ಲೆಚರ್, ಮೇಲೆ ಮೇಲೆ ಕೇಳಿದ್ರೆ ಮುದ್ದುಮುದ್ದು, ಸಾಹಿತ್ಯ ಕಿವಿಗೊಟ್ಟು ಕೇಳಿದ್ರೆ ಚುರುಕ್ ಅನ್ಸುತ್ತೆ. ಈ ಅಮೀಲಿಯಾ ಆಮೇಲೆ ಬ್ರಿಟನ್ ಸರ್ಕಾರದ ಆಫೀಸ್ ಆಫ್ ಫೇರ್ ಟ್ರೇಡಿಂಗ್‌ನಲ್ಲಿ ಮುಖ್ಯ ಅರ್ಥಶಾಸ್ತ್ರಜ್ಞೆ ಆದ್ರು, ಆಮೇಲೆ ಪ್ರೊಫೆಸರ್ ಕೂಡ, ಬೇರೆ ಬೇರೆ ಬ್ಯಾಂಡಲ್ಲಿ ಹಾಡೋದನ್ನೂ ಬಿಡ್ಲಿಲ್ಲ. (ಕೆಲಸಕ್ಕೆ ಸೇರಿದ್ಮೇಲೆ ಗಿಟಾರ್ ಮುಟ್ಟೋಕೆ ಎಲ್ಲಿ ಟೈಮು ಅಂತ ಗೋಳಾಡ್ತಿದ್ಯಲ್ಲ, ಇದನ್ನ ಬೇಕು ಅಂತಾನೇ ಬರೆದೆ.)

ಬೇರೆಯವರು ಯಾರ ಹಾಡು ಎತ್ಕೊಂಡು ಹಾಡಿದಾರೆ ಅನ್ನೋದೂ ಒಳ್ಳೆ ಸುಳಿವು. ಹೋಲ್ ಬ್ಯಾಂಡಿನ 1994ರ ಆಲ್ಬಮ್ಮಲ್ಲಿ ಒಂದು ಹಾಡು ಅವರದ್ದಲ್ಲ, ಕಾರ್ಡಿಫಿನ ಯಂಗ್ ಮಾರ್ಬಲ್ ಜಯಂಟ್ಸ್ ಅವರದ್ದು. ಅದನ್ನ ಹುಡ್ಕೊಂಡು ಹೋದ್ರೆ 1980ರ 'ಕೊಲೋಸಲ್ ಯೂತ್' ಸಿಗುತ್ತೆ, ಅವರದ್ದೂ ಅದೊಂದೇ ಆಲ್ಬಂ. ಡ್ರಮ್ಮರ್ ಇಲ್ಲ, ಮೆಷಿನ್ನಿನ ತಾಳ ಟಕ್ ಟಕ್ ಅಂತಿರುತ್ತೆ, ಗಿಟಾರ್ ತಂತಿ ಮೇಲೆ ಅಂಗೈ ಒತ್ತಿ ಹಿಡಿದು ಮೊಟಕು ಮೊಟಕಾಗಿ ಬಾರಿಸ್ತಾನೆ, ರಾಗ ಎಲ್ಲ ಬೇಸ್ ಕೈಲಿ, ಆಲಿಸನ್ ಸ್ಟ್ಯಾಟನ್ ತನಗೇ ತಾನು ಗುನುಗ್ಕೊಳ್ಳೋ ಥರ ಹಾಡ್ತಾಳೆ. ಖಾಲಿ ಜಾಗನೇ ಜಾಸ್ತಿ. ಹೆಡ್‌ಫೋನ್ ಹಾಕ್ಕೊಂಡೇ ಕೇಳು.

ಬ್ಯಾಂಡ್‌ಗಳು ತಮ್ಮ ಆಲ್ಬಂ ತಾವೇ ಮಾರೋ ಬ್ಯಾಂಡ್‌ಕ್ಯಾಂಪ್ ಅನ್ನೋ ಸೈಟಲ್ಲಿ ನಾನು ಮಾಡೋ ಒಂದು ಕೆಲಸ ಹೇಳ್ತೀನಿ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆಲ್ಬಂ ಪೇಜಲ್ಲಿ ಅದನ್ನ ದುಡ್ಡು ಕೊಟ್ಟು ತಗೊಂಡವರ ಪುಟ್ಟ ಪುಟ್ಟ ಫೋಟೋ ಇರ್ತಾವಲ್ಲ, ಅದರಲ್ಲಿ ಒಂದನ್ನ ಒತ್ತಿದ್ರೆ ಅವರು ಬೇರೆ ಏನೇನು ತಗೊಂಡಿದಾರೆ ಅಂತ ಪೂರ್ತಿ ಕಾಣ್ಸುತ್ತೆ. ನಿಂಗಿಷ್ಟವಾದ, ಯಾರಿಗೂ ಗೊತ್ತಿಲ್ದಿರೋ ಆಲ್ಬಮ್ಮನ್ನ ಇನ್ನೊಬ್ಬ ದುಡ್ಡು ಕೊಟ್ಟು ತಗೊಂಡಿದಾನೆ ಅಂದ್ರೆ ಅವನ ಕಿವಿಯನ್ನ ಸ್ವಲ್ಪ ನಂಬಬಹುದು. ಅಲ್ಲಿ ಡಿಜಿಟಲ್ ಆಲ್ಬಂ ಮಾರಿದ್ರೆ ಸೈಟಿನವರು ಸಾಮಾನ್ಯವಾಗಿ 15% ಇಟ್ಕೋತಾರೆ, ಪೇಮೆಂಟ್ ಚಾರ್ಜ್ ಕಳೆದು ಮಿಕ್ಕಿದ್ದು ಬ್ಯಾಂಡಿಗೋ ಲೇಬಲ್ಲಿಗೋ ಹೋಗುತ್ತೆ. ಸ್ಪಾಟಿಫೈನಲ್ಲಿ 2024ರಿಂದ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಸಲ ಪ್ಲೇ ಆಗದ ಹಾಡಿನ ರೆಕಾರ್ಡಿಂಗಿಗೆ ರಾಯಲ್ಟಿ ಹುಟ್ಟೋದೇ ಇಲ್ಲ. ನಾವು ಹುಡುಕ್ತಿರೋರು ಎಷ್ಟೋ ಸಲ ಆ ಸಾವಿರದ ಕೆಳಗಿರೋರೇ. ಹಂಗಾಗಿ ಇಷ್ಟ ಆದ್ರೆ ಒಂದು ಆಲ್ಬಂ ಕೊಂಡ್ಕೋ, ಎಲ್ಲಾನೂ ಬೇಡ, ಒಂದು.

ಹಳೇ ಕಾಲದ್ದು ಬೇಕು ಅಂದ್ರೆ ಜಾನ್ ಪೀಲ್ ಸೆಷನ್ನುಗಳನ್ನ ಹುಡುಕು. ಬಿಬಿಸಿ ರೇಡಿಯೋ 1ರಲ್ಲಿ 1967ರಿಂದ 2004ರಲ್ಲಿ ಸಾಯೋವರೆಗೂ ಇದ್ದ ಮನುಷ್ಯ, ಹೆಸರೇ ಕೇಳಿರದ ಬ್ಯಾಂಡ್‌ಗಳನ್ನ ಕರೆದು ರೆಕಾರ್ಡ್ ಮಾಡಿಸ್ತಿದ್ರು, ಅಂಥ ಸೆಷನ್ನು 4000ಕ್ಕೂ ಮೇಲಿವೆ. ಒಮ್ಮೊಮ್ಮೆ ರೆಕಾರ್ಡನ್ನ ತಪ್ಪು ಸ್ಪೀಡಲ್ಲಿ ಹಾಕಿಬಿಡ್ತಿದ್ರು, ಅದಕ್ಕೆಲ್ಲ ತಲೆ ಕೆಡಿಸ್ಕೊಂಡೋರಲ್ಲ.

ಇನ್ನೊಂದು ಮಾತು, ಗೊತ್ತಿಲ್ದಿರೋದೆಲ್ಲ ಚಿನ್ನ ಅಂತ ಅಂದ್ಕೋಬೇಡ. ಎಷ್ಟೋ ಬ್ಯಾಂಡ್ ಯಾರಿಗೂ ಗೊತ್ತಿಲ್ಲ ಯಾಕಂದ್ರೆ ಅವು ಚೆನ್ನಾಗಿಲ್ಲ, ಅಷ್ಟೆ. ಹತ್ತು ಕೇಳಿದ್ರೆ ಒಂದು ಉಳಿದ್ರೆ ಹೆಚ್ಚು. ಹಂಗೇ ನೀನು ಮೊದಲು ಹುಡುಕಿದ ಬ್ಯಾಂಡ್ ನಾಳೆ ಫೇಮಸ್ ಆದ್ರೆ ಮೂಗು ಮುರೀಬೇಡ, ಅವರಿಗೂ ಬಾಡಿಗೆ ಕಟ್ಟೋದಿರುತ್ತೆ.

ಈಗ ಫ್ರೆಂಡ್ಸಿಗೆ ಹೇಳೋ ವಿಷಯ. ಹುಡುಕೋದಕ್ಕಿಂತ ಇದೇ ಕಷ್ಟ. ಫೀಲೀಸ್ ಅಂತ ನ್ಯೂಜೆರ್ಸಿಯ ಬ್ಯಾಂಡು, 1980ರ 'ಕ್ರೇಜಿ ರಿದಮ್ಸ್' ಆಲ್ಬಂ, ಅದರ ಮೊದಲ ಹಾಡು ಶುರುವಾಗೋದು ಹೆಂಗಂದ್ರೆ ಸುಮಾರು ಹೊತ್ತು ಬರೀ ಕಟ್ಟಿಗೆ ಬಡಿದಂಗೆ ಸಣ್ಣ ಟಿಕ್ ಟಿಕ್, ಅದೂ ಕೇಳ್ಸಿದ್ರೆ ಕೇಳ್ಸ್ತು, ಆಮೇಲೆ ಗಿಟಾರ್ ಮೆಲ್ಲಗೆ ಬಂದು ಏರುತ್ತೆ ಏರುತ್ತೆ, ಕೊನೇಲಿ ಓಡೋಕೇ ಶುರು ಮಾಡುತ್ತೆ. ನಿಮ್ಮಪ್ಪಂಗೆ ಇದನ್ನ ಹಾಕ್ದಾಗ ನಿನ್ನ ಸ್ಪೀಕರ್ ಹಾಳಾಗಿದೆ ನೋಡು ಅಂತ ಎದ್ದು ಬಂದು ವಾಲ್ಯೂಮ್ ಪೂರ್ತಿ ತಿರುಗಿಸಿದ್ರು, ಅಷ್ಟರಲ್ಲಿ ಗಿಟಾರ್ ಬಂತು, ಇಬ್ರೂ ಬೆಚ್ಚಿಬಿದ್ವಿ. ಆಲ್ಬಂ ಬಗ್ಗೆ ನಾನು ಅರ್ಧ ಗಂಟೆ ಭಾಷಣ ಮಾಡಿದ್ರೂ ಅವರು ಕೇಳ್ತಿರ್ಲಿಲ್ಲ, ಆವತ್ತು ಮಾತ್ರ ಮತ್ತೊಂದ್ಸಲ ಹಾಕು ಅಂದ್ರು.

ಅದಕ್ಕೇ ಹೇಳೋದು, ಒಬ್ಬರಿಗೆ ಒಂದು ಹಾಡು. ಗ್ರೂಪಲ್ಲಿ ಹಾಕ್ಬೇಡ, ಗ್ರೂಪಲ್ಲಿ ಹಾಕಿದ್ದು ಯಾರಿಗೂ ಹಾಕಿದಂಗಲ್ಲ. ಯಾಕೆ ಕಳ್ಸಿದೆ ಅಂತ ಒಂದು ಸಾಲು ಬರಿ, "ಎರಡನೇ ನಿಮಿಷದಲ್ಲಿ ಬೇಸ್ ಬರೋದು ಕೇಳು" ಅನ್ನೋ ಥರ. "ನಿಂಗೆ ಖಂಡಿತ ಇಷ್ಟ ಆಗುತ್ತೆ" ಅಂತ ಮಾತ್ರ ಬರೀಬೇಡ, ಹಂಗಂದ ತಕ್ಷಣ ಎದುರಿಗಿರೋರಿಗೆ ಪರೀಕ್ಷೆ ಬರೆಯೋಕೆ ಕೂರ್ಸಿದಂಗಾಗುತ್ತೆ. ಆ ಬ್ಯಾಂಡಿನ ಇತಿಹಾಸ ಈಗ್ಲೇ ಬೇಡ, ಅವರಾಗೇ ಕೇಳಿದ್ರೆ ಆಮೇಲೆ ಹೇಳು. ಕೇಳಿದ್ಯಾ ಕೇಳಿದ್ಯಾ ಅಂತ ಬೆನ್ನು ಹತ್ತಬೇಡ. ಬೇಜಾರಾಯ್ತು ಅಂದ್ರೆ ಸರಿ ಬಿಡು ಅನ್ನು, ಅದೂ ನಿಂಗೆ ಉಪಯೋಗಕ್ಕೆ ಬರುತ್ತೆ, ಅವರಿಗೆ ಏನು ಹಿಡಿಸಲ್ಲ ಅಂತ ಗೊತ್ತಾಯ್ತಲ್ಲ.

ನಿನ್ನ ರೂಮ್‌ಮೇಟ್ ಡ್ರಮ್ಸ್ ಕಲೀತಿದಾಳೆ, ಕೈ ಜೋರಾಗಿ ಬೀಳಲ್ಲ ಅಂತ ಕ್ಲಾಸಲ್ಲಿ ಬೈಸ್ಕೊಂಡು ಬಂದ್ಲು ಅಂದ್ಯಲ್ಲ. ಅವಳಿಗೆ ಲೋ ಬ್ಯಾಂಡಿನ ಹಳೇ ಲೈವ್ ವಿಡಿಯೋ ಒಂದನ್ನ ಕಳ್ಸು. ಅದರಲ್ಲಿ ಮಿಮಿ ಪಾರ್ಕರ್ ನಿಂತ್ಕೊಂಡೇ ಬಾರಿಸ್ತಾರೆ, ಎದುರಿಗಿರೋದು ಎರಡು ಡ್ರಮ್ಮು ಒಂದು ಸಿಂಬಲ್ಲು ಅಷ್ಟೆ, ಕೈಯಲ್ಲಿ ಕಡ್ಡಿ ಬದಲು ಹೆಚ್ಚಾಗಿ ಬ್ರಷ್, ಬಾರಿಸ್ತಾನೇ ಹಾಡ್ತಾರೆ. 2022ರ ನವೆಂಬರಲ್ಲಿ ಹೋಗ್ಬಿಟ್ರು, ಅದನ್ನೂ ಈಗ್ಲೇ ಹೇಳೋದು ಬೇಡ. ಆ ಕೈ ನೋಡು ಅಂತ ಒಂದು ಸಾಲು ಬರಿ, ಸಾಕು. ಅವಳು ಏನಂದ್ಲು ಅಂತ ನಂಗೆ ತಿಳ್ಸು, ಮುಂದಿಂದು ಏನು ಕಳ್ಸಬೇಕು ಅಂತ ಇಬ್ರೂ ಸೇರಿ ಯೋಚ್ನೆ ಮಾಡೋಣ.

ನಿನ್ನ
ಅಮ್ಮ