ಜಾಫ್ನಾದಿಂದ ಊರಿಗೊಂದು ಕಾಗದ

ಜಾಫ್ನಾ, ಶ್ರೀಲಂಕಾ, 6 ಮಾರ್ಚ್ 1988

ತೀರ್ಥರೂಪು ಅಪ್ಪ, ಅವ್ವನಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ. ಅಜ್ಜಿಗೆ, ದೊಡ್ಡಪ್ಪನ ಮನೆಯವರಿಗೆ ನಮಸ್ಕಾರ ತಿಳಿಸಿ.

ಪುಟ್ಟ ಬರೆದ ಇನ್‌ಲ್ಯಾಂಡ್ ಲೆಟರ್ ಮೊನ್ನೆ ಬಂತು. ಬಂದಾಗಿನಿಂದ ನನ್ನ ಮನಸ್ಸು ಮನಸ್ಸಿನಲ್ಲಿಲ್ಲ. ಇದುವರೆಗೆ ಬಂದ ಕಾಗದವೆಲ್ಲ ನಿಮ್ಮ ಸೊಸೆಯ ಕೈಬರಹದ್ದು. ನೀವು ಹೇಳಿದ್ದೆಲ್ಲ ಬರೆದು ಮುಗಿಸಿ, ಆಮೇಲೆ ಅಂಟು ಹಚ್ಚುವ ಅಂಚನ್ನೂ ಬಿಡದೆ ಇರುವೆ ಸಾಲಿನ ಹಾಗೆ ತುಂಬಿಸಿರುತ್ತಿದ್ದಳು. ಒಂದಕ್ಷರವೂ ಹರಿಯಬಾರದು ಅಂತ ನಾನು ಬ್ಲೇಡಿನಲ್ಲಿ ನಿಧಾನಕ್ಕೆ ಬಿಡಿಸುತ್ತಿದ್ದೆ. ಈ ಸಲ ಪುಟ್ಟನ ದಪ್ಪ ಅಕ್ಷರ, ಒಂದು ಮಗ್ಗುಲು ಪೂರ್ತಿ ಖಾಲಿ. "ಅತ್ತಿಗೆಗೆ ಸ್ವಲ್ಪ ಕಾಲು ಊತ, ತಲೆನೋವು, ಅದಕ್ಕೇ ನಾನು ಬರೀತಿದೀನಿ, ನೀನು ಯೋಚನೆ ಮಾಡಬೇಡ" ಅಂತ ಒಂದೇ ಸಾಲು. ಯೋಚನೆ ಮಾಡದೆ ಹೇಗಿರಲಿ ಪುಟ್ಟ? ಕಾಲು ಊದಿದರೆ ಕೈಯಲ್ಲಿ ಬರೆಯುವುದಕ್ಕೇನು? ಬೆರಳೂ ಊದಿದೆಯಾ? ಕಣ್ಣು ಮಂಜಾಗುತ್ತದೆಯಾ? ನೀನು ಬರೆಯಬೇಕಾಗಿದ್ದದ್ದು ಅದು.

ನಿನ್ನೆ ಡ್ಯೂಟಿ ಮುಗಿಸಿ ನಮ್ಮ ಯೂನಿಟ್ಟಿನ ಚಿಕಿತ್ಸೆಯ ಕೋಣೆಗೆ, ಎಂ.ಐ. ರೂಮಿಗೆ, ಹೋಗಿ ಡಾಕ್ಟರ್ ಸಾಹೇಬರನ್ನೇ ಕೇಳಿದೆ. ಪಟ್ಟಿ ಬದಲಿಸಿಕೊಳ್ಳಲು ಬಂದೆ ಅಂದುಕೊಂಡಿದ್ದರು, ವಿಷಯ ಹೇಳಿದ ಮೇಲೆ ಕೂರಿಸಿ ಮಾತಾಡಿದರು. ಬಸುರಿಗೆ ಸಂಜೆ ಹೊತ್ತು ಪಾದ ಊದುವುದು ಇದ್ದದ್ದೇ, ಅಜ್ಜಿ ಹೇಳುವುದರಲ್ಲಿ ತಪ್ಪಿಲ್ಲವಂತೆ. ಆದರೆ ಬೆಳಿಗ್ಗೆ ಏಳುವಾಗಲೇ ಮುಖ, ಕೈ ಊದಿದ್ದರೆ, ಬಳೆ ಬಿಗಿಯಾಗಿದ್ದರೆ, ತಲೆನೋವು ಬಿಡದೆ ಇದ್ದರೆ, ಕಣ್ಣ ಮುಂದೆ ಮಿಂಚು ಹೊಡೆದ ಹಾಗಾದರೆ, ಎದೆಗುಂಡಿಯ ಕೆಳಗೆ ನೋವು ಬಂದರೆ ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳಬಾರದು. ಬಿ.ಪಿ. ನೋಡಿಸಬೇಕು, ಮೂತ್ರ ಪರೀಕ್ಷೆ ಆಗಬೇಕು. ಅಸಡ್ಡೆ ಮಾಡಿದರೆ ಫಿಟ್ಸ್ ಬಂದುಬಿಡಬಹುದು, ತಾಯಿಗೂ ಕಷ್ಟ, ಮಗುವಿಗೂ ಕಷ್ಟ ಅಂದರು. ಅವ್ವ, ಇದು ಕಷಾಯ ಕುಡಿಸಿ ನಾಲ್ಕು ದಿನ ನೋಡೋಣ ಅನ್ನುವಂಥದ್ದಲ್ಲ.

ಅಪ್ಪ, ಈ ಕಾಗದ ಮುಟ್ಟಿದ ದಿನವೇ ಅವಳನ್ನು ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ. ಅರಸೀಕೆರೆಯಲ್ಲೇ ತೋರಿಸಿ ಬರೋಣ ಅನ್ನಬೇಡಿ. ಹಾಸನದಲ್ಲಾದರೆ ಸೇರಿಸಿಕೊಳ್ಳಬೇಕಾಗಿ ಬಂದರೂ ಅಲ್ಲೇ ಆಗುತ್ತದೆ. ಐನೂರು ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ. ಅದು ಬರುವವರೆಗೆ, ತಿಪಟೂರಿಗೆ ಕೊಬ್ಬರಿ ಹಾಕುವವರೆಗೆ ಅಂತ ಕಾಯಬೇಡಿ, ದೊಡ್ಡಪ್ಪನ ಹತ್ತಿರ ಕೈಸಾಲ ತೆಗೆದುಕೊಳ್ಳಿ. ಸಾಲದಿದ್ದರೆ ಕಂದು ಹೋರಿ ಕೊಟ್ಟುಬಿಡಿ. ಅದರ ಮೇಲೆ ನಿಮಗೆಷ್ಟು ಆಸೆ ಅಂತ ನನಗೆ ಗೊತ್ತು. ಮುಂದಿನ ವರ್ಷ ಜೋಡಿಯನ್ನೇ ತರೋಣ. ಏಳಕ್ಕೆ ಬಿದ್ದಿದೆ, ಯುಗಾದಿ ಕಳೆಯಲಿ, ಸೀಮಂತ ಮುಗಿಸಿ ತವರಿಗೆ ಕಳಿಸೋಣ ಅಂತ ಅವ್ವ ಯೋಚಿಸಿರುತ್ತಾಳೆ. ಸೀಮಂತ ಆಮೇಲಾಗಲಿ. ಅವಳ ಅಪ್ಪನಿಗೂ ಬೇರೆ ಕಾಗದ ಹಾಕಿದ್ದೇನೆ, ಅದಕ್ಕೆ ನೀವು ಬೇಜಾರು ಮಾಡಿಕೊಳ್ಳಬೇಡಿ.

ನನ್ನ ವಿಷಯಕ್ಕೆ ಯಾರೂ ಚಿಂತೆ ಮಾಡಬೇಕಾಗಿಲ್ಲ. ಊಟ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ. ಪೇಪರಿನಲ್ಲಿ ನಮ್ಮ ಶಾಂತಿಪಡೆಯ ಬಗ್ಗೆ ಬರುವುದೆಲ್ಲ ನಡೆಯುವುದು ಬೇರೆ ಕಡೆ, ನಮ್ಮ ಕಡೆ ಏನೂ ಇಲ್ಲ. ನಮ್ಮದು ಸೇನೆಗೆ ದಾರಿ ಮಾಡಿಕೊಡುವ ಸ್ಯಾಪರ್ ಕೆಲಸ, ಬೆಳಗಾಗುತ್ತಲೇ ಗಾಡಿಗಳಿಗಿಂತ ಮುಂಚೆ ರಸ್ತೆ ನೋಡಿಕೊಂಡು ನಡೆಯುವುದು ಅಷ್ಟೇ. ಇಲ್ಲಿಯದು ಕೆಂಪು ಮಣ್ಣು. ಅಗೆದು ಮುಚ್ಚಿದ ಕಡೆ ಬಣ್ಣವೇ ಬೇರೆ ಇರುತ್ತದೆ. ಅಪ್ಪನ ಹಿಂದೆ ಹೊಲ ಸುತ್ತಿ ಬೆಳೆದ ಕಣ್ಣಿಗೆ ಅದು ದೂರದಿಂದಲೇ ಕಾಣುತ್ತದೆ. ಕೈಗೆ ಪಟ್ಟಿ ಕಟ್ಟಿದೆ ಅಂತ ನಮ್ಮ ಕಂಪನಿಯವರು ಯಾರಾದರೂ ರಜೆಗೆ ಬಂದಾಗ ಹೇಳಿಯಾರು. ಮುಳ್ಳುತಂತಿ ತರಚಿದ್ದು, ಆಗಲೇ ಮಾಯುತ್ತಿದೆ. ನಿಜವಾಗಿ ಅಷ್ಟೇ.

ಈ ನಾಡು ನೀವು ನೋಡಬೇಕಾಗಿತ್ತು ಅಪ್ಪ. ಒಂದು ಹೊಳೆಯಿಲ್ಲ, ಎಲ್ಲಾ ಬಾವಿ ನೀರೇ. ಅದರಲ್ಲೇ ಈರುಳ್ಳಿ, ಮೆಣಸಿನಕಾಯಿ, ಹೊಗೆಸೊಪ್ಪು ಬೆಳೆಯುತ್ತಾರೆ. ಎಲ್ಲಿ ನೋಡಿದರೂ ತಾಳೆಮರ, ಮನೆಯ ಬೇಲಿಯೂ ತಾಳೆಗರಿಯದೇ. ಟೀಗೆ ಸಕ್ಕರೆ ಹಾಕುವುದಿಲ್ಲ, ತಾಳೆಬೆಲ್ಲದ ಚೂರು ಕಚ್ಚಿಕೊಂಡು ಬರೀ ಡಿಕಾಕ್ಷನ್ ಕುಡಿಯುತ್ತಾರೆ. ಬೆಂಗಳೂರಿನ ಹಲಸೂರಿನ ಸ್ಯಾಪರ್ ಸೆಂಟರಿನಲ್ಲಿ ಕಲಿತ ನನ್ನ ತಮಿಳು ಇಲ್ಲಿ ಅರ್ಧಕ್ಕರ್ಧ ನಡೆಯುವುದಿಲ್ಲ. ಇವರು 'ಹೌದು' ಅನ್ನುವುದಕ್ಕೆ 'ಓಂ' ಅನ್ನುತ್ತಾರೆ! ನಾವು ನೀರು ಸೇದುವ ಬಾವಿಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ನೀರು ತೆಗೆದುಕೊಳ್ಳಬಹುದಾ ಅಂದರೆ 'ಓಂ' ಅಂದರು. ಜಪದಲ್ಲಿದ್ದಾರೆ ಅಂದುಕೊಂಡು ನಾನು ಕೊಡ ಕೆಳಗಿಟ್ಟು ಕಾಯುತ್ತಾ ನಿಂತಿದ್ದೆ. ಮೊನ್ನೆ ಕಾಗದ ಬಂದ ದಿನ ನನ್ನ ಮುಖ ನೋಡಿ ಅವರೇ ಕೇಳಿದರು. ಮನೆಯಲ್ಲಿ ಹೆಂಡತಿ ಬಸುರಿ, ಆರೋಗ್ಯ ಸರಿಯಿಲ್ಲ ಅಂದೆ. ಒಳಗೆ ಹೋಗಿ ದೇವರ ಮುಂದಿನ ವಿಭೂತಿ ತಂದು ಕಾಗದದಲ್ಲಿ ಕಟ್ಟಿಕೊಟ್ಟರು. ಅವರ ಮಗ ಎಲ್ಲಿದ್ದಾನೆ ಅಂತ ನಾನು ಯಾವತ್ತೂ ಕೇಳಿಲ್ಲ, ಅವರೂ ಹೇಳಿಲ್ಲ. ಆ ವಿಭೂತಿ ಇದರೊಳಗೆ ಇಟ್ಟಿದ್ದೇನೆ, ಅವಳ ಹಣೆಗೆ ಹಚ್ಚಿ.

ಪುಟ್ಟ, ಇಲ್ಲಿಗೆ ಓದುವುದು ನಿಲ್ಲಿಸಿ ಕಾಗದ ನಿನ್ನ ಅತ್ತಿಗೆಗೆ ಕೊಡು.

ಗೌರಿಹಬ್ಬಕ್ಕೆ ಬಂದಾಗ ಹಿತ್ತಿಲ ಬಾಗಿಲು ಸರಿಮಾಡಿ ಕೊಡುತ್ತೇನೆ ಅಂದಿದ್ದೆ. ಕಾಲಲ್ಲಿ ಎತ್ತಿ ಹಿಡಿಯದಿದ್ದರೆ ಅಗುಳಿ ಕೂರುವುದಿಲ್ಲ ಅಂತ ನೀನು ದಿನಾ ಹೇಳುತ್ತಿದ್ದೆ. ಉಳಿ ಮಸೆದಿಟ್ಟವನು ಹಾಗೇ ಹೊರಟು ಬಂದೆ. ರಾತ್ರಿ ಪಹರೆಯಲ್ಲಿ ನಿಂತಾಗ, ಒಂಬತ್ತು ಗಂಟೆಯ ಹೊತ್ತಿಗೆ, ಈಗ ನೀನು ಆ ಬಾಗಿಲ ಹತ್ತಿರ ಬಂದಿರುತ್ತೀಯ ಅನ್ನಿಸುತ್ತದೆ. ಅಗುಳಿ ಬಿದ್ದ ಸದ್ದು, ಆಮೇಲೆ ಲಾಟೀನು ಹಿಡಿದು ನಡುಮನೆಗೆ ಬರುವ ನಿನ್ನ ಹೆಜ್ಜೆ, ಅಷ್ಟೂ ಕೇಳಿಸಿದ ಮೇಲೆಯೇ ನನಗೆ ಸಮಾಧಾನ. ಐದು ತಿಂಗಳಿಂದ ಒಂದು ದಿನವೂ ತಪ್ಪಿಲ್ಲ. ಆದರೆ ಈಗ ನೀನು ಆ ಬಾಗಿಲು ಎತ್ತಬೇಡ. ಪುಟ್ಟ ಹಾಕಲಿ. ಆಸ್ಪತ್ರೆಗೆ ಹೊರಡು ಅಂದಾಗ 'ಅತ್ತೆಗೆ ಕೆಲಸ ಹೆಚ್ಚಾಗುತ್ತೆ' ಅನ್ನಬೇಡ. ನಿನ್ನನ್ನು ನೋಡಬೇಕು ಅಂತ ಎಷ್ಟು ಅನ್ನಿಸುತ್ತದೆ ಅಂತ ಬರೆಯಲು ನನಗೆ ಬರುವುದಿಲ್ಲ. ನೀನಾದರೆ ಬರೆಯುತ್ತಿದ್ದೆ.

ಇಲ್ಲಿಂದ ಮತ್ತೆ ಪುಟ್ಟನೇ ಓದಲಿ. ರಜೆ ಮೇ ಕೊನೆಗೆ ಅಂತ ಸುಬೇದಾರ್ ಸಾಹೇಬರು ಹೇಳಿದ್ದಾರೆ. ಮುಂಚೆಯೇ ಬರಬೇಕಾದರೆ ತಂತಿ ಬೇಕು. ಪುಟ್ಟ, ಡಾಕ್ಟರು ಏನು ಹೇಳಿದರೋ ಅದನ್ನೇ ಬರೆದು ಯೂನಿಟ್ಟಿನ ವಿಳಾಸಕ್ಕೆ ತಂತಿ ಕೊಡು, ಸುಮ್ಮನೆ 'ಕೂಡಲೇ ಬಾ' ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ಟಪಾಲು ಚೀಲ ಕಟ್ಟುತ್ತಿದ್ದಾರೆ, ಇಲ್ಲಿಗೆ ನಿಲ್ಲಿಸುತ್ತೇನೆ. ನಾನು ಚೆನ್ನಾಗಿದ್ದೇನೆ. ಹಾಸನದಿಂದ ಬಂದ ದಿನವೇ ಕಾಗದ ಹಾಕಿ. ಪುಟ್ಟನೇ ಬರೆಯಲಿ, ಆದರೆ ಕೊನೆಗೆ ಒಂದು ಸಾಲು ಅವಳ ಕೈಯಲ್ಲಿ ಬರೆಸಿ. ಹೆಸರಷ್ಟೇ ಆದರೂ ಸರಿ.

ಇಂತಿ ನಿಮ್ಮ ಮಗ