ಬಾಂಡ್ ಪಾರ್ಟಿನ ಅಳುಕು

ಮಾನ್ಯ ಸಂಪಾದಕರೇ,

ಸಿನಿಮಾದ ಗೂಢಚಾರ ಜೇಮ್ಸ್ ಬಾಂಡ್ ಪಾತ್ರಕ್ಕೆ ಕರೆ ಬಂದಾಗ ಹಿಂದೆಮುಂದೆ ನೋಡಿದ ನಟರ ಬಗ್ಗೆ ನಿಮ್ಮ ಸಿನಿಮಾ ಪುರವಣಿಯಲ್ಲಿ ಬಂದ ಬರಹ ಓದಿದೆವು. ‘ಇದು ನನ್ನಿಂದಾದೀತೇ’ ಎಂದು ಅಂಥವರೂ ಅಳುಕಿದ್ದನ್ನು ವಿನಯವೆಂದು ಮೆಚ್ಚಿ, ಬರಹ ಅಲ್ಲಿಗೇ ಮುಗಿದಿದೆ. ಹವ್ಯಾಸಿ ನಾಟಕಗಳಿಗೆ ತಾಲೀಮು ಕೊಡುವ ನಮ್ಮ ಕಣ್ಣಿಗೆ ಅದು ವಿನಯವಾಗಿ ಕಾಣಲಿಲ್ಲ. ಇನ್ನೊಬ್ಬರು ಮಾಡಿ ಹೆಸರಾದ ಪಾರ್ಟು ಕೈಗೆ ಬಂದಾಗ ಕೈ ಎಲ್ಲಿಡಬೇಕು, ಎಷ್ಟು ಹೆಜ್ಜೆಗೆ ನಿಲ್ಲಬೇಕು, ದನಿ ಎಲ್ಲಿ ಇಳಿಸಬೇಕು ಎಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಅಳುಕು ಹುಟ್ಟುವುದು ಅಲ್ಲಿ. ಧೈರ್ಯ ಹೇಳಿದರೆ ಅದು ಹೋಗುವುದಿಲ್ಲ, ಒಂದೊಂದನ್ನೇ ತೀರ್ಮಾನ ಮಾಡಿದರೆ ಹೋಗುತ್ತದೆ.

ಟಿಮೊಥಿ ಡಾಲ್ಟನ್ ಹೆದರಿ ಬಿಟ್ಟರು ಎಂಬರ್ಥದಲ್ಲಿ ಬರೆದಿದ್ದೀರಿ. 1960ರ ದಶಕದ ಕೊನೆಗೆ ಮೊದಲ ಸಲ ಕೇಳಿದಾಗ ಅವರಿನ್ನೂ ಇಪ್ಪತ್ತರ ಹರೆಯದವರು. ವಯಸ್ಸು ಸಾಲದು ಅಂದರು, ಅದು ನಿಜವೂ ಹೌದು. ನಲವತ್ತು ದಾಟಿದ ಮೇಲೆ, 1987ರಲ್ಲಿ ಪಾತ್ರ ಮಾಡಿದಾಗ, ಬಾಂಡ್‌ನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ಕಾದಂಬರಿಗಳಿಗೇ ನೇರ ಹೋಗಿ ಅಲ್ಲಿಂದ ಬಾಂಡ್‌ನನ್ನು ಕಟ್ಟಿಕೊಂಡರು. ಇದಕ್ಕೆ ತಿರುವುಮುರುವು ಜಾರ್ಜ್ ಲೇಝೆನ್‌ಬಿ. ನಟನೆಯ ಅನುಭವವಿಲ್ಲದ ಮಾಡೆಲ್, ಅದಕ್ಕೂ ಮುಂಚಿನ ಬಾಂಡ್ ಶಾನ್ ಕಾನರಿಯ ದರ್ಜಿ ಹೊಲಿದ ಸೂಟು ತೊಟ್ಟು, ಕಾನರಿಯ ಕ್ಷೌರಿಕನ ಹತ್ತಿರವೇ ಕಟಿಂಗ್ ಮಾಡಿಸಿಕೊಂಡು ಅವಕಾಶ ಕೇಳಲು ಹೋದವರು. ಅಳುಕಿನ ಸುಳಿವೂ ಇರಲಿಲ್ಲ. 1969ರಲ್ಲಿ ಒಂದೇ ಚಿತ್ರ ಮಾಡಿ ಬಿಟ್ಟರು, 1971ಕ್ಕೆ ಕಾನರಿಯೇ ಮರಳಿ ಬರಬೇಕಾಯಿತು. ಆ ಕಾನರಿ ಕೂಡ ಸೂಟಿನಲ್ಲಿ ಹುಟ್ಟಿದವರಲ್ಲ. 1962ರ ಮೊದಲ ಚಿತ್ರಕ್ಕೆ ಮುಂಚೆ ನಿರ್ದೇಶಕ ಟೆರೆನ್ಸ್ ಯಂಗ್ ತಮ್ಮ ದರ್ಜಿಯ ಹತ್ತಿರ ಕರೆದೊಯ್ದು ಸೂಟು ಹೊಲಿಸಿದರು, ಅದನ್ನು ತೊಟ್ಟೇ ಮಲಗು ಎಂದರು ಎಂಬ ಮಾತು ಪ್ರಸಿದ್ಧ.

ಡೇನಿಯಲ್ ಕ್ರೇಗ್ ವಿಷಯದಲ್ಲಿ ಬರಹ ಅರ್ಧಕ್ಕೇ ನಿಂತಿದೆ. 2005ರ ಅಕ್ಟೋಬರ್‌ನಲ್ಲಿ ಹೆಸರು ಪ್ರಕಟವಾದಾಗ ಕೂದಲು ಹೊಂಬಣ್ಣದ್ದು, ಎತ್ತರ ಕಡಿಮೆ ಎಂದು ಎದ್ದ ಗದ್ದಲ ಬರೆದಿದ್ದೀರಿ. ಮುಂದಿನ ವರ್ಷದ ‘ಕ್ಯಾಸಿನೊ ರಾಯಲ್’ ಆ ಭಾರವನ್ನು ನಟನ ಹೆಗಲಿನಿಂದ ಹೇಗೆ ಇಳಿಸಿತು ಎಂಬುದನ್ನು ಬಿಟ್ಟಿದ್ದೀರಿ. ಕಥೆ ಬಾಂಡ್‌ಗೆ ಡಬಲ್ ಓ ದರ್ಜೆ, ಅಂದರೆ ಕೊಲ್ಲುವ ಪರವಾನಗಿ, ಸಿಗುವಲ್ಲಿಂದ ಶುರು. ಹೀಗಾಗಿ ನಟನಲ್ಲಿ ಏನಾದರೂ ಹಸಿತನ ಕಂಡರೆ ಅದು ಪಾತ್ರದ ಲೆಕ್ಕಕ್ಕೇ ಜಮಾ. ಜನ ಹಿಂದಿನವರೊಂದಿಗೆ ತೂಗಿ ನೋಡುವುದು ‘ಬಾಂಡ್, ಜೇಮ್ಸ್ ಬಾಂಡ್’ ಎಂಬ ಮಾತನ್ನು. ಅದನ್ನು ಎರಡು ಗಂಟೆ ಕಳೆದ ಮೇಲೆ, ಚಿತ್ರದ ಕಟ್ಟಕಡೆಯ ಮಾತಾಗಿ ಇಟ್ಟರು. ಎಲ್ಲರಿಗೂ ಗೊತ್ತಿರುವ ಆ ಸಂಗೀತ ಪೂರ್ತಿಯಾಗಿ ಮೊಳಗುವುದೂ ಆಗಲೇ. ಬೆನ್ನಟ್ಟುವ ದೃಶ್ಯದಲ್ಲಿ ಪಾರ್ಕೂರ್ (ಗೋಡೆ, ಕಟ್ಟೆ ಹಾರಿ ಓಡುವ ಕಲೆ) ಪರಿಣತ ಸೆಬಾಸ್ಟಿಯನ್ ಫೂಕಾನ್ ಸಣ್ಣ ಸಂದಿಯಲ್ಲಿ ನುಸುಳಿ ಹೋದರೆ, ಕ್ರೇಗ್ ಗೋಡೆಯನ್ನೇ ಒಡೆದುಕೊಂಡು ಈಚೆ ಬರುತ್ತಾರೆ. ಇರುವ ಮೈಕಟ್ಟಿಗೆ ಒಪ್ಪುವಂತೆ ಓಟ ಹೆಣೆದಿದ್ದಾರೆ, ಕಾನರಿಯ ನಡಿಗೆಗೆ ಮೈ ಬಗ್ಗಿಸಿಲ್ಲ.

ನಮ್ಮ ಕಡೆ ಈ ತೊಂದರೆ ಹೊಸದೇನಲ್ಲ. ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಮೊದಲು ಕಂಪನಿ ನಾಟಕ, ಆಮೇಲೆ 1974ರಲ್ಲಿ ಸಿನಿಮಾ. ಅಂದಿನಿಂದ ಯಾವ ಊರಲ್ಲಿ ಅದರ ನಾಯಕ ಭದ್ರನ ಪಾರ್ಟು ಮಾಡಿದರೂ ಮಂದಿಯ ಕಣ್ಣಲ್ಲಿ ಎಮ್ಮೆ ಮೇಲೆ ಕೂತ ರಾಜ್‌ಕುಮಾರ್. ಕ್ರೇಗ್‌ಗೆ ಮಾಡಿದಂತೆ ಕಾದಿರುವ ಮಾತನ್ನು ಕೊನೆಗೆ ತಳ್ಳುವುದು ಜಾತ್ರೆ ನಾಟಕದಲ್ಲಿ ನಡೆಯುವುದಿಲ್ಲ, ‘ಯಾರೇ ಕೂಗಾಡಲಿ’ ಹಾಡು ಬರುವವರೆಗೆ ಮಂದಿಯೇ ಕೂಗಾಡುತ್ತಾರೆ. ಇಲ್ಲಿ ಉಪಾಯ ಬೇರೆ. ಹಾಡನ್ನು ಬೇಗ ಕೊಟ್ಟುಬಿಡಬೇಕು, ಅದೂ ನಟನ ಸ್ವಂತ ಶ್ರುತಿಯಲ್ಲಿ. ಧ್ವನಿಮುದ್ರಿಕೆ ಹಾಕಿ ತುಟಿ ಆಡಿಸಿದರೆ ಆ ಗಳಿಗೆಗೆ ಸಿಳ್ಳೆ ಬೀಳುತ್ತದೆ ನಿಜ. ಆದರೆ ಮುಂದಿನ ಮಾತಿಗೇ ನಟನ ಸ್ವಂತ ದನಿ ಬಂದು, ಎರಡರ ಅಂತರ ಎದ್ದು ಕಾಣುತ್ತದೆ.

ಗೂಢಚಾರನ ಪಾರ್ಟಿಗೆ ತಾಲೀಮು ಶುರುವಾದ ದಿನದಿಂದ ಹಳೆಯ ಚಿತ್ರ ನೋಡುವುದು ಬಂದ್ ಮಾಡಬೇಕು. ಒಮ್ಮೆ ನೋಡಿ, ನೋಟ್‌ಬುಕ್ಕಿನ ಎಡ ಪುಟದಲ್ಲಿ ಕಥೆಯಲ್ಲಿರುವುದನ್ನು, ಬಲ ಪುಟದಲ್ಲಿ ಆ ನಟ ತಾನಾಗಿ ತಂದದ್ದನ್ನು ಬರೆದಿಟ್ಟರೆ ಸಾಕು. ಉದಾಹರಣೆಗೆ ಹುಬ್ಬು ಏರಿಸುವುದು ಇನ್ನೊಬ್ಬ ಬಾಂಡ್ ನಟ ರೋಜರ್ ಮೂರ್ ಸೊತ್ತು, ಬಲ ಪುಟ. ಅಪಾಯದಲ್ಲೂ ಅವಸರಪಡದಿರುವುದು ಪಾತ್ರದ ಸೊತ್ತು, ಎಡ ಪುಟ. ಬಲ ಪುಟದ್ದು ಯಾವುದೂ ತಾಲೀಮಿಗೆ ಬರಕೂಡದು.

ಇನ್ನು ಸೂಟು. ಅದನ್ನು ಕೊನೆಯ ತಾಲೀಮಿಗೆ ತರಿಸುವುದೇ ಎಲ್ಲ ಕಡೆ ಆಗುವ ಎಡವಟ್ಟು. ಸಾಮಾಜಿಕ ನಾಟಕಗಳಲ್ಲಿ ಧೋತರ ಉಟ್ಟು ರೂಢಿಯಾದವನ ಕೈ ತನಗರಿವಿಲ್ಲದೆ ಚುಂಗು ಹುಡುಕುತ್ತದೆ, ಸಿಗದಿದ್ದಾಗ ಪ್ಯಾಂಟಿನ ಜೇಬಿಗೆ ಹೋಗುತ್ತದೆ, ಕೋಟು ಸೊಂಟದಲ್ಲಿ ಗುಂಪಾಗುತ್ತದೆ. ಮಾತು ಕಂಠಪಾಠವಾದ ಮರುದಿನದಿಂದಲೇ ಕೋಟು, ಬೂಟು ಎರಡೂ ಬೇಕು. ಎರಡು ಗುಂಡಿಯ ಕೋಟಿನಲ್ಲಿ ಕೆಳಗಿನದು ಯಾವಾಗಲೂ ಬಿಚ್ಚಿರಬೇಕು. ಕೂರುವಾಗ ಮೇಲಿನದನ್ನೂ ಬಿಚ್ಚಿ, ಏಳುವಾಗ ಹಾಕಬೇಕು. ಅಳುಕಿನ ಕೈಗೆ ಅದೊಂದು ಕೆಲಸವೂ ಆಯಿತು. ಚರ್ಮದ ಅಟ್ಟೆಯ ಬೂಟು ಹಲಗೆಯ ರಂಗದ ಮೇಲೆ ಟಕಟಕ ಅನ್ನುತ್ತದೆ, ಕದ್ದು ಬರುವ ಸೀನಿನಲ್ಲಿ ನಗೆಪಾಟಲು. ಕೆಳಗೆ ತೆಳು ರಬ್ಬರ್ ಅಂಟಿಸಿ. ಬೇಸಿಗೆಯ ಬಾಗಲಕೋಟೆಯಲ್ಲಿ ಲೈಟಿನ ಕೆಳಗೆ ಕೋಟು ತೊಟ್ಟವನ ಬಣ್ಣ ಬೆವರಿಗೆ ಇಳಿದು ಬಿಳಿ ಕಾಲರಿಗೆ ಹತ್ತುತ್ತದೆ. ಒಳಗೆ ಹತ್ತಿ ಬನಿಯನ್ ಇರಲಿ, ಬಣ್ಣವನ್ನು ದವಡೆಗೇ ನಿಲ್ಲಿಸಿ ಕುತ್ತಿಗೆಗೆ ಪೌಡರ್ ಮಾತ್ರ ಸಾಕು, ಅಂಗಿಯನ್ನು ಬಣ್ಣ ಆರಿದ ಮೇಲೆ ತೊಡಬೇಕು.

ಪಿಸ್ತೂಲಿನ ಸೀನು ಹೆಚ್ಚು ಕೆಡುವುದು ತೂಕದಿಂದ. ಬಾಂಡ್ ಹಿಡಿಯುವ ವಾಲ್ಥರ್ ಪಿಪಿಕೆ ಖಾಲಿಯಿದ್ದಾಗಲೇ ಸುಮಾರು 600 ಗ್ರಾಂ. ಜಾತ್ರೆಯ ಪ್ಲಾಸ್ಟಿಕ್ ಪಿಸ್ತೂಲು ಹಗುರ, ಕೈ ಪಟಕ್ಕನೆ ಏರುತ್ತದೆ, ನೋಡುವವರಿಗೆ ಆಟಿಕೆ ಎಂದು ತಿಳಿದುಬಿಡುತ್ತದೆ. ಹಿಡಿಕೆಯೊಳಗೆ ಕಬ್ಬಿಣದ ಬೋಲ್ಟು ತುಂಬಿ ಎಂ-ಸೀಲ್ ಹಾಕಿದರೆ ಕೈ ತಾನೇ ನಿಧಾನವಾಗುತ್ತದೆ. ಗುಂಡು ಹಾರಿಸುವಾಗ ಹುಡುಗರು ಪಿಸ್ತೂಲನ್ನು ಮುಂದಕ್ಕೆ ಕುಕ್ಕುತ್ತಾರೆ, ನಿಜವಾಗಿ ಅದು ಹಿಂದಕ್ಕೆ, ಮೇಲಕ್ಕೆ ಎಗರುವಂಥದು. ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಗುಂಡಿನ ಸದ್ದಿಗೆ ಹಲಗೆ ಬಡಿಯುವವನು ನಟನನ್ನು ನೋಡಿ ಬಡಿಯಲು ಹೋದರೆ ಸದ್ದು ಯಾವಾಗಲೂ ತಡ. ನಟ ಗುರಿ ಹಿಡಿದು ನಿಲ್ಲಲಿ, ಸದ್ದು ಮೊದಲು ಬರಲಿ, ಅದರ ಬೆನ್ನಿಗೇ ಮಣಿಕಟ್ಟು ಎಗರಲಿ. ಸದ್ದಿಗೆ ಕಣ್ಣು ಮಿಟುಕಿಸುವ ತೊಂದರೆ ರೋಜರ್ ಮೂರ್‌ಗೂ ಇತ್ತು, ಆದರೂ ಏಳು ಚಿತ್ರ ಮಾಡಿದರು. ತಾಲೀಮಿನಲ್ಲಿ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತ, ದಿನ ದಿನಕ್ಕೆ ಹತ್ತಿರ ಬಂದರೆ ಕಣ್ಣು ಪಳಗುತ್ತದೆ. ಆ ಪಿಸ್ತೂಲಿನ ಮ್ಯಾಗಜಿನ್ ಹಿಡಿಯುವುದು ಏಳು ಗುಂಡು. ಹನ್ನೆರಡು ಹಾರಿಸಿದರೆ ಮುಂದಿನ ಸಾಲಿನ ಕಾಲೇಜು ಹುಡುಗರು ಎಣಿಸಿ ಹೇಳುತ್ತಾರೆ. ಪಟಾಕಿ ತುಂಬಿದ ಪಿಸ್ತೂಲು ಮಾತ್ರ ಬೇಡವೇ ಬೇಡ, ಎದುರಿನವನ ಕಣ್ಣಿಗೆ ಕಿಡಿ ಹಾರುತ್ತದೆ.

ದನಿಯ ವಿಷಯದಲ್ಲಿ ಗೂಢಚಾರ ಮೆಲ್ಲಗೆ ಮಾತಾಡಬೇಕೆಂದು ನಟರು ಉಸಿರನ್ನೇ ಇಳಿಸಿಬಿಡುತ್ತಾರೆ. ಕನ್ನಡದ ವಾಕ್ಯದಲ್ಲಿ ಕ್ರಿಯೆ ಕೂತಿರುವುದು ಕೊನೆಯಲ್ಲಿ. ‘ನಿನ್ನನ್ನು ಕೊಲ್ಲು...’ ಎಂಬಷ್ಟು ಕೇಳಿ, ‘ವುದಿಲ್ಲ’ ನುಂಗಿಹೋದರೆ ಕಥೆಯೇ ತಿರುಗಿತು. ಸ್ವರ ಇಳಿಯಲಿ, ಉಸಿರು ಇಳಿಯಬಾರದು, ಕೊನೆಯ ಎರಡು ಅಕ್ಷರ ಹಿಂದಿನ ಸಾಲಿಗೆ ಮುಟ್ಟಬೇಕು. 1968ರಲ್ಲಿ ದೊರೆ-ಭಗವಾನ್ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿದಾಗ, ಕಣ್ಣಪ್ಪನಾಗಿ ಚಿತ್ರರಂಗಕ್ಕೆ ಬಂದ, ಪುರಾಣದ ಪಾತ್ರಗಳಲ್ಲಿ ಮನೆಮಾತಾದ ನಟ ಕೋಟು ತೊಟ್ಟರೂ ಒಪ್ಪಿಗೆಯಾದದ್ದು ಈ ಕಾರಣಕ್ಕೆ ಎಂದು ನಮ್ಮ ಎಣಿಕೆ. ಗುಬ್ಬಿ ಕಂಪನಿಯಲ್ಲಿ ಪಳಗಿದ ನಾಲಿಗೆ, ಪಿಸುಮಾತಿನಲ್ಲೂ ಒಂದಕ್ಷರ ಜಾರುವುದಿಲ್ಲ.

ನಿಮ್ಮಲ್ಲಿ ಒಂದು ವಿನಂತಿ. ಬನಶಂಕರಿ ಜಾತ್ರೆಯ ನಾಟಕಗಳ ವರದಿಯಲ್ಲಿ ‘ಥೇಟ್ ಅಣ್ಣಾವ್ರ ಹಾಗೆ’ ಎಂದು ಹೊಗಳುವ ರೂಢಿ ಬಿಡಿ. ಅದನ್ನು ಓದಿದ ಹುಡುಗ ಮರುದಿನದಿಂದ ಇನ್ನಷ್ಟು ಅನುಕರಣೆಗೆ ಇಳಿಯುತ್ತಾನೆ, ತಾಲೀಮು ಕೊಡುವವರ ಮಾತು ಆಮೇಲೆ ನಾಟುವುದಿಲ್ಲ. ಯಾವ ಸೀನಿನಲ್ಲಿ ಮಾತು ಹಿಂದಿನ ಸಾಲಿಗೆ ಕೇಳಲಿಲ್ಲ, ಯಾವ ಸದ್ದು ತಡವಾಯಿತು ಎಂದು ಬರೆದರೆ ಮರುದಿನದ ಆಟಕ್ಕೇ ತಿದ್ದಿಕೊಳ್ಳಬಹುದು.

– ನಾಟಕ ತಾಲೀಮು ನಡೆಸುವ ಗೆಳೆಯರು,
ನವನಗರ, ಬಾಗಲಕೋಟೆ