ಡಿಶ್ ಸರ್ವಿಸ್ ಒಪ್ಪಂದ ಇನ್ನು ಒಂದೊಂದೇ ವರ್ಷಕ್ಕೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ಜೂನ್ 1ರಿಂದ ಮೂರು ವರ್ಷದ ಡಿಶ್ ಸರ್ವಿಸ್ ಒಪ್ಪಂದವನ್ನು ನಾವು ಹೊಸದಾಗಿ ಮಾಡುವುದಿಲ್ಲ. ಈಗಾಗಲೇ ಹಣ ಕಟ್ಟಿದವರದ್ದು ಅವಧಿ ಮುಗಿಯುವವರೆಗೆ ಹಾಗೆಯೇ ನಡೆಯುತ್ತದೆ. ಹೊಸಬರಿಗೂ ನವೀಕರಿಸುವವರಿಗೂ ಇನ್ನು ಒಂದು ವರ್ಷದ ಒಪ್ಪಂದ ಮಾತ್ರ, ₹900. ಮಳೆಗಾಲಕ್ಕೆ ಮೊದಲು ಒಂದು ಪೂರ್ಣ ಸರ್ವಿಸ್, ವರ್ಷದೊಳಗೆ ಎರಡು ದೂರಿನ ಭೇಟಿ, ಮನೆಯೊಳಗಿನ ಟಿ.ವಿ. ವೈರಿಂಗ್ ತಪಾಸಣೆ ಇದರಲ್ಲಿ ಸೇರಿದೆ. ಎಸ್‌ಡಿ (ಕಡಿಮೆ ಸ್ಪಷ್ಟತೆಯ ಚಿತ್ರದ) ಸೆಟ್‌ಟಾಪ್ ಬಾಕ್ಸ್ ಮಾರುವುದನ್ನೂ ಅದೇ ದಿನದಿಂದ ನಿಲ್ಲಿಸುತ್ತೇವೆ. ರೀಚಾರ್ಜ್ ಹಣ, ಪ್ಯಾಕ್ ದರ ಕಂಪನಿಗಳಿಗೆ ಸೇರಿದ ವಿಷಯ. ನಮ್ಮ ಬದಲಾವಣೆಗೂ ಅದಕ್ಕೂ ಸಂಬಂಧವಿಲ್ಲ.

"ಹಾಗಾದರೆ ಛತ್ರಿಯ (ಡಿಶ್‌ನ) ಕಾಲ ಮುಗಿಯಿತಾ?" ಎಂದು ಅಂಗಡಿಗೆ ಬಂದವರು ಕೇಳುತ್ತಾರೆ. ಮುಗಿದಿಲ್ಲ. ಆದರೆ ಮೂರು ವರ್ಷದ ನಂತರ ನಿಮ್ಮ ಮನೆಯ ಟಿ.ವಿ.ಗೆ ಡಿಶ್ ಒಂದೇ ದಾರಿಯಾಗಿ ಉಳಿದಿರುತ್ತದೆ ಎಂದು ನಾವು ಹೇಳಲಾರೆವು. ಹೇಳಲಾಗದ ಮಾತಿಗೆ ಮುಂಗಡ ತೆಗೆದುಕೊಳ್ಳುವುದು ಸರಿಯಲ್ಲ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಲೆಕ್ಕದ ಪ್ರಕಾರ ಹಣ ಕಟ್ಟಿ ನೋಡುವ ಡಿಟಿಎಚ್ (ಉಪಗ್ರಹದಿಂದ ನೇರ ಮನೆಗೆ ಬರುವ ಡಿಶ್) ಗ್ರಾಹಕರು ದೇಶದಲ್ಲಿ 2021ರಲ್ಲಿ ಸುಮಾರು 7 ಕೋಟಿ ಇದ್ದರು, 2025ರ ಮಾರ್ಚ್ ಹೊತ್ತಿಗೆ 5.7 ಕೋಟಿಯ ಆಸುಪಾಸಿಗೆ ಇಳಿದರು. ಬಿಟ್ಟವರಲ್ಲಿ ಕೆಲವರು ಬ್ರಾಡ್‌ಬ್ಯಾಂಡ್ ಕಡೆ ಹೋದರು, ಕೆಲವರು ದೂರದರ್ಶನದ ಫ್ರೀ ಡಿಶ್ ಕಡೆ. ಈ ಇಳಿಕೆ ನಿಲ್ಲುವ ಲಕ್ಷಣ ನಮಗೆ ಕಾಣುತ್ತಿಲ್ಲ.

ಇನ್ನೊಂದು ಕಡೆ ಆಕಾಶದಲ್ಲಿರುವ ಉಪಗ್ರಹಗಳನ್ನೂ ನೋಡಬೇಕು. ಟಾಟಾ ಪ್ಲೇಗಾಗಿ ಪೂರ್ವ ರೇಖಾಂಶ 83 ಡಿಗ್ರಿಯಲ್ಲಿರುವ ಜಿಸ್ಯಾಟ್-24 ಹಾರಿದ್ದು 2022ರ ಜೂನ್‌ನಲ್ಲಿ, ಅದರ ಆಯುಷ್ಯ 15 ವರ್ಷ. ಅಷ್ಟು ಖರ್ಚು ಮಾಡಿದವರು ನಾಳೆಯೇ ಅಂಗಡಿ ಮುಚ್ಚುವುದಿಲ್ಲ. ಫ್ರೀ ಡಿಶ್ ಬರುವ 93.5 ಡಿಗ್ರಿಯ ಜಿಸ್ಯಾಟ್-15 ಹಾರಿದ್ದು 2015ರ ನವೆಂಬರ್‌ನಲ್ಲಿ, 12 ವರ್ಷದ ಲೆಕ್ಕದಲ್ಲಿ. ಉಪಗ್ರಹಗಳು ಲೆಕ್ಕಕ್ಕಿಂತ ಹೆಚ್ಚು ಬಾಳುವುದೂ ಉಂಟು. ಬದಲಿ ಬಂದರೆ ಸಾಮಾನ್ಯವಾಗಿ ಅದೇ ಜಾಗಕ್ಕೆ ಬರುತ್ತದೆ; ಛತ್ರಿ ತಿರುಗಿಸುವ ಕೆಲಸ ಇರುವುದಿಲ್ಲ, ಬಾಕ್ಸ್‌ನಲ್ಲಿ ಚಾನಲ್ ಮತ್ತೆ ಹುಡುಕಿಸಿದರೆ ಸಾಕು. "ಉಪಗ್ರಹ ಬದಲಾಯಿತು, ಡಿಶ್ ಹೊಸತು ಹಾಕಬೇಕು" ಎಂದು ಯಾರಾದರೂ ಬಾಗಿಲಿಗೆ ಬಂದರೆ ಹಣ ಕೊಡುವ ಮೊದಲು ನಮಗೊಂದು ಫೋನ್ ಮಾಡಿ.

ಕರಾವಳಿಯಲ್ಲಿ ಡಿಶ್ ಇನ್ನೂ ಕೆಲವು ವರ್ಷ ಉಳಿಯುತ್ತದೆ ಎನ್ನುವುದಕ್ಕೆ ನಮ್ಮ ಕಾರಣ ಮಳೆಯೇ. ಕೇಳಲು ವಿಚಿತ್ರ, ಏಕೆಂದರೆ ಮಳೆ ಬಂದರೆ ಮೊದಲು ಹೋಗುವುದು ಡಿಶ್ ಚಿತ್ರ. ಆದರೆ ಮಳೆ ಸರಿದರೆ ಅದು ತಾನಾಗಿ ವಾಪಸು ಬರುತ್ತದೆ. ಕರೆಂಟ್ ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಮೇಲೆ ಗಾಳಿಗೆ ಮರದ ಗೆಲ್ಲು ಬಿದ್ದರೆ, ಯಾರಾದರೂ ಬಂದು ತುಂಡಾದದ್ದನ್ನು ಬೆಸೆಯುವ (ಸ್ಪ್ಲೈಸ್ ಮಾಡುವ) ತನಕ ಟಿ.ವಿ.ಯೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಹೆಬ್ರಿ, ಕಾರ್ಕಳದ ಒಳಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟ್ ಹೋದಾಗಲೂ ಅಷ್ಟೇ: ಮನೆಯ ಇನ್ವರ್ಟರ್ ಇದ್ದರೆ ಡಿಶ್ ನಡೆಯುತ್ತದೆ, ಬ್ರಾಡ್‌ಬ್ಯಾಂಡ್ ನಡೆಯಲು ಆಪರೇಟರ್ ಕಡೆಯ ಬ್ಯಾಟರಿಯೂ ಜೀವಂತ ಇರಬೇಕು.

ಮಳೆಯಲ್ಲಿ ಚಿತ್ರ ಯಾಕೆ ಹೋಗುತ್ತದೆ ಎಂದು ತಿಳಿದರೆ ಅರ್ಧ ದೂರು ಕಡಿಮೆಯಾಗುತ್ತದೆ. ಉಡುಪಿಯಿಂದ 93.5 ಡಿಗ್ರಿ ಉಪಗ್ರಹ ಕಾಣುವುದು ಆಗ್ನೇಯಕ್ಕೆ, ನೆಲದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿ. 83 ಡಿಗ್ರಿಯದ್ದು ಇನ್ನೂ ಮೇಲೆ, ಸುಮಾರು 72ರಲ್ಲಿ. ಏರ್‌ಟೆಲ್‌ನ 108.2 ಡಿಗ್ರಿಯದ್ದು ಮಾತ್ರ ಕೆಳಗೆ, 48ರ ಆಸುಪಾಸು. ಪೂರ್ವಕ್ಕೆ ತೆಂಗಿನ ಮರ ಇರುವವರಿಗೆ ಮಡಲು ಅಡ್ಡ ಬರುವುದು ಇದರಲ್ಲೇ ಹೆಚ್ಚು. ಮಳೆಹನಿ ಸುಮಾರು 5 ಕಿಲೋಮೀಟರ್ ಎತ್ತರದಿಂದ ಬೀಳುತ್ತದೆ ಎಂದಿಟ್ಟುಕೊಂಡರೆ, 93.5ರ ಸಿಗ್ನಲ್ ಮಳೆಯ ಪದರದೊಳಗೆ ಇಳಿಯುವುದು ನಿಮ್ಮ ಮನೆಯಿಂದ ಎರಡೂವರೆ ಕಿಲೋಮೀಟರ್ ಆಗ್ನೇಯಕ್ಕೆ. ಜುಲೈಯ ಮೋಡ ಕಡಲ ಕಡೆಯಿಂದ ಬಂದು ಮನೆಯನ್ನು ದಾಟಿ ಪೂರ್ವಕ್ಕೆ ಹೋಗುತ್ತದೆ. ಹಾಗಾಗಿ ಅಂಗಳದಲ್ಲಿ ಮಳೆ ನಿಂತ ಮೇಲೂ ಸ್ವಲ್ಪ ಹೊತ್ತು ಚಿತ್ರ ಬರುವುದಿಲ್ಲ. ಅಕ್ಟೋಬರ್‌ನ ಸಂಜೆ ಮಳೆ ಘಟ್ಟದ ಕಡೆಯಿಂದ ಬರುತ್ತದೆ. ಆಗ ಹನಿ ಬೀಳುವ ಮೊದಲೇ ಚಿತ್ರ ಮಾಯ. ಎರಡೂ ದೋಷವಲ್ಲ, ದಯವಿಟ್ಟು ಅರ್ಧ ಗಂಟೆ ಕಾಯಿರಿ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ 93.5ರಲ್ಲಿ ಬೆಳಿಗ್ಗೆ 11ರ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗುವುದು ಸೂರ್ಯ ಉಪಗ್ರಹದ ಹಿಂದೆಯೇ ಬಂದು ನಿಲ್ಲುವುದರಿಂದ. ಅದಕ್ಕೂ ರಿಪೇರಿ ಇಲ್ಲ.

ದೋಷ ಯಾವುದೆಂದರೆ, ಸಾಧಾರಣ ಮಳೆಗೇ ಚಿತ್ರ ಹೋಗುವುದು. 60 ಸೆಂಟಿಮೀಟರ್ ಛತ್ರಿ ಒಂದೂವರೆ ಡಿಗ್ರಿ ತಪ್ಪಿ ತಿರುಗಿದರೆ ಸಿಗುವ ಸಿಗ್ನಲ್ ಅರ್ಧಕ್ಕೆ ಇಳಿಯುತ್ತದೆ. ಬಿಸಿಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಡಿಜಿಟಲ್ ಚಿತ್ರ ಹೋಗುವ ಕ್ಷಣದವರೆಗೂ ಚೊಕ್ಕವಾಗಿಯೇ ಇರುತ್ತದೆ. ತಿರುಗುವುದಕ್ಕೆ ನಮ್ಮೂರಲ್ಲಿ ದೊಡ್ಡ ಕಾರಣ ಕೆಂಪುಕಲ್ಲು. ಮೆದು ಕಲ್ಲಿಗೆ ಆ್ಯಂಕರ್ ಬೋಲ್ಟ್ ಹೊಡೆದರೆ ಎರಡು ಮಳೆಗಾಲದಲ್ಲಿ ತೂತಿನ ಸುತ್ತ ಪುಡಿಯಾಗಿ ಬೋಲ್ಟ್ ಆಡತೊಡಗುತ್ತದೆ. ಸ್ಲ್ಯಾಬ್ ಅಥವಾ ಬೀಮ್ ಸಿಗದ ಕಡೆ ಇನ್ನು ನಾವು ಕಾಂಕ್ರೀಟ್ ಪೀಠ ಕಟ್ಟಿಯೇ ಕೂರಿಸುತ್ತೇವೆ, ಗೋಡೆಗೆ ಹೊಡೆಯುವುದಿಲ್ಲ. ಮಲ್ಪೆ, ಕಾಪು, ಪಡುಬಿದ್ರಿಯ ಕಡಲಬದಿ ಮನೆಗಳಿಗೆ 316 ದರ್ಜೆಯ ಸ್ಟೀಲ್ ಬೋಲ್ಟ್. ಬೆಲೆ ಹೆಚ್ಚು, ಆದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಬೋಲ್ಟ್ ಉಪ್ಪುಗಾಳಿಗೆ ಕಚ್ಚಿಕೊಂಡರೆ ಆಮೇಲೆ ಗ್ರೈಂಡರ್ ಹಿಡಿದು ಕತ್ತರಿಸುವುದೇ.

ಎರಡನೆಯ ದೋಷ ಕನೆಕ್ಟರ್. ಎಲ್‌ಎನ್‌ಬಿ (ಛತ್ರಿಯ ಮುಂದೆ ಸಿಗ್ನಲ್ ಹಿಡಿಯುವ ಭಾಗ) ತುದಿಯ ಎಫ್ ಕನೆಕ್ಟರ್ (ಡಿಶ್ ಕೇಬಲ್ ಸೇರಿಸುವ ತಿರುಪು ಜೋಡಣೆ) ಬಿಚ್ಚಿದಾಗ ಜಾಲರಿ ತಂತಿ ಬಿಳಿ ಪುಡಿಯಾಗಿದ್ದರೆ ನೀರು ಒಳಗೆ ಹೋಗಿದೆ ಎಂದರ್ಥ. ಇದರ ಲಕ್ಷಣ ವಿಶೇಷ: ಎಲ್ಲ ಚಾನಲ್ ಹೋಗುವುದಿಲ್ಲ, ಅರ್ಧ ಹೋಗುತ್ತವೆ. ಬಾಕ್ಸ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಲಂಬ ಅಲೆಗಳನ್ನು ಹಿಡಿಯುತ್ತದೆ, 18 ಕಳಿಸಿದರೆ ಅಡ್ಡ ಅಲೆಗಳನ್ನು. ತುಕ್ಕಿನಿಂದ 18 ವೋಲ್ಟ್ ಮೇಲೆ ತಲುಪುವಷ್ಟರಲ್ಲಿ 14ಕ್ಕೆ ಇಳಿದರೆ ಅಡ್ಡ ಅಲೆಯ ಚಾನಲ್‌ಗಳೆಲ್ಲ ಕಪ್ಪು. ಬಾಕ್ಸ್ ಕೆಟ್ಟಿದೆ ಎಂದು ಹೊಸ ಬಾಕ್ಸ್ ಕೊಂಡವರಿದ್ದಾರೆ. ಹಾಗಾದಾಗ ಮೊದಲು ಕನೆಕ್ಟರ್ ನೋಡಿಸಿ.

ಮಳೆಗಾಲದ ಮೊದಲಿನ ಸರ್ವಿಸ್‌ನಲ್ಲಿ ಆದ್ದರಿಂದ ಇಷ್ಟು ಮಾಡುತ್ತೇವೆ: ಹೊರಗಿನ ಎರಡೂ ಕನೆಕ್ಟರ್ ಕತ್ತರಿಸಿ ಕಂಪ್ರೆಶನ್ ಮಾದರಿಯದ್ದು ಹಾಕುವುದು (ತಿರುಪುವ ಮಾದರಿ ಬೇಡ), ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತುವುದು, ಕನೆಕ್ಟರ್‌ಗೆ ಮೊದಲು ಕೇಬಲ್ ಕೆಳಕ್ಕೆ ಬಾಗಿಸಿ ನೀರು ಅಲ್ಲೇ ತೊಟ್ಟಿಕ್ಕುವಂತೆ ಬಿಡುವುದು, ಎಲ್‌ಎನ್‌ಬಿ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟಿದೆಯೇ ನೋಡುವುದು, ಮೀಟರ್ ಹಿಡಿದು ಕ್ವಾಲಿಟಿ ಗರಿಷ್ಠಕ್ಕೆ ತರುವುದು. ಪರದೆಯ ಸ್ಟ್ರೆಂಗ್ತ್ ಪಟ್ಟಿಯನ್ನು ನಂಬಬೇಡಿ. ಬೇರೆ ಉಪಗ್ರಹಕ್ಕೆ ಮುಖ ಮಾಡಿದ್ದರೂ ಅದು ತುಂಬಿಯೇ ಕಾಣಬಹುದು. ನೋಡಬೇಕಾದದ್ದು ಕ್ವಾಲಿಟಿ.

ದೊಡ್ಡ ಛತ್ರಿ ಹಾಕಿದರೆ ಸರಿಯಾಗುತ್ತದೆಯೇ? ಸ್ವಲ್ಪ. 60ರಿಂದ 90 ಸೆಂಟಿಮೀಟರ್‌ಗೆ ಹೋದರೆ ಮೂರೂವರೆ ಡೆಸಿಬೆಲ್ (ಎರಡು ಪಟ್ಟಿಗಿಂತ ತುಸು ಹೆಚ್ಚು ಸಿಗ್ನಲ್) ಲಾಭ, ಜೋರು ಮಳೆಗೆ ಸಾಕು, ಆಟಿ ತಿಂಗಳ (ಜುಲೈ-ಆಗಸ್ಟ್) ಕುಂಭದ್ರೋಣಕ್ಕೆ ಸಾಲದು. ದೊಡ್ಡದಕ್ಕೆ ಗಾಳಿಯೂ ಹೆಚ್ಚು ಹೊಡೆಯುತ್ತದೆ, ನೋಟವೂ ಕಿರಿದು (ದಿಕ್ಕು ತುಸು ತಪ್ಪಿದರೂ ಸಿಗ್ನಲ್ ಹೋಗುತ್ತದೆ), ಕಂಬ ಗಟ್ಟಿ ಇಲ್ಲದಿದ್ದರೆ ಲಾಭಕ್ಕಿಂತ ನಷ್ಟ. ಫ್ರೀ ಡಿಶ್‌ನವರಿಗೆ ಮಾತ್ರ ನಾವು 75 ಅಥವಾ 90 ಹೇಳುತ್ತೇವೆ.

ಮನೆ ಕಟ್ಟುತ್ತಿರುವವರಿಗೆ ಒಂದು ಮಾತು. ಟಿ.ವಿ. ಇಡುವ ಪ್ರತಿ ಗೋಡೆಗೆ 25 ಮಿಲಿಮೀಟರ್ ಪೈಪ್‌ನಲ್ಲಿ ಒಂದು ಆರ್‌ಜಿ-6 (ಡಿಶ್ ಕೇಬಲ್), ಒಂದು ಕ್ಯಾಟ್-6 (ಇಂಟರ್ನೆಟ್ ಲ್ಯಾನ್ ತಂತಿ) ಎಳೆಸಿ, ಕರೆಂಟ್ ಪೈಪಿನಿಂದ ಒಂದಡಿ ದೂರ. ಮುಂದೆ ಟಿ.ವಿ. ಆಕಾಶದಿಂದ ಬಂದರೂ ಫೈಬರ್‌ನಿಂದ ಬಂದರೂ ಗೋಡೆ ಒಡೆಯುವುದು ತಪ್ಪುತ್ತದೆ. ದಪ್ಪ ಕೆಂಪುಕಲ್ಲಿನ ಹಳೆ ಮನೆಗಳಲ್ಲಿ ಒಂದು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸೋಲುತ್ತದೆ. ರಾತ್ರಿಯಿಡೀ ಯಕ್ಷಗಾನ ಲೈವ್ ನೋಡುವವರು ಟಿ.ವಿ.ಗೆ ಲ್ಯಾನ್ ತಂತಿಯನ್ನೇ ಚುಚ್ಚಲಿ. ರೂಟರ್‌ಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಇರಲಿ.

ಹೊಸ ಟಿ.ವಿ. ಕೊಳ್ಳುವವರು ಡಿವಿಬಿ-ಎಸ್2 ಟ್ಯೂನರ್ (ಡಿಶ್ ಸಿಗ್ನಲನ್ನು ನೇರ ಓದುವ ಭಾಗ) ಒಳಗೇ ಇದೆಯೇ ಎಂದು ಕೇಳಿ. ಗಲ್ಫ್‌ನಿಂದ ತಂದ ಸೆಟ್‌ಗಳಲ್ಲಿ ಇದು ಎಷ್ಟೋ ಸಲ ಇರುತ್ತದೆ, ಮನೆಯವರಿಗೆ ಗೊತ್ತಿರುವುದಿಲ್ಲ. ಡಿಶ್ ಕೇಬಲ್ ನೇರ ಚುಚ್ಚಿದರೆ ಎನ್‌ಕ್ರಿಪ್ಟ್ ಆಗದ (ಬೀಗ ಹಾಕದ) ಫ್ರೀ ಡಿಶ್ ಚಾನಲ್‌ಗಳು ಬಾಕ್ಸ್ ಇಲ್ಲದೆಯೇ ಬರುತ್ತವೆ. ನಮ್ಮ ಅಂದಾಜಿನಲ್ಲಿ ಇನ್ನು ನಾಲ್ಕೈದು ವರ್ಷದಲ್ಲಿ ಹೆಚ್ಚಿನ ಮನೆಗಳ ಹೊಂದಾಣಿಕೆ ಇದೇ: ವಾರ್ತೆ, ಧಾರಾವಾಹಿಗೆ ಉಚಿತ ಅಥವಾ ಚಿಕ್ಕ ಪ್ಯಾಕ್‌ನ ಡಿಶ್, ಉಳಿದದ್ದಕ್ಕೆ ಇಂಟರ್ನೆಟ್. ಕ್ರಿಕೆಟ್ ಮಾತ್ರ ಡಿಶ್‌ನಲ್ಲೇ ನೋಡಿ. ಆ್ಯಪ್‌ನಲ್ಲಿ ಚಿತ್ರ ಹಿಂದೆ ಬರುತ್ತದೆ, ಪಕ್ಕದ ಮನೆಯ ಬೊಬ್ಬೆ ಮೊದಲು ಕೇಳುತ್ತದೆ.

ಮೂರು ವರ್ಷದ ಒಪ್ಪಂದ ಉಳಿದಿರುವವರು ಬೇಕಾದರೆ ಹೊಸದಕ್ಕೆ ಬದಲಾಯಿಸಿಕೊಳ್ಳಬಹುದು. ಉಳಿದ ತಿಂಗಳ ಹಣ ಲೆಕ್ಕ ಹಾಕಿ ಅದರಲ್ಲಿ ಕಳೆಯುತ್ತೇವೆ. ರಶೀದಿ ತನ್ನಿ, ಇಲ್ಲದಿದ್ದರೆ ಫೋನ್ ನಂಬರ್ ಸಾಕು. ಸರ್ವಿಸ್ ಬುಕಿಂಗ್ ಪತ್ತನಾಜೆಗೆ (ಮೇ ಕೊನೆಯ ಭಾಗದಲ್ಲಿ ಬರುವ ತುಳುನಾಡಿನ ಆಚರಣೆ) ಮೊದಲು ಮಾಡಿಸಿ. ಮಳೆ ಹಿಡಿದ ಮೇಲೆ ಜಾರುವ ಟೆರೇಸಿಗೂ ಹಂಚಿನ ಮಾಡಿಗೂ ಹುಡುಗರನ್ನು ಹತ್ತಿಸುವುದಿಲ್ಲ. ಗುಡುಗು ಶುರುವಾದಾಗ ಪ್ಲಗ್ ತೆಗೆದರೆ ಸಾಲದು, ಬಾಕ್ಸ್ ಹಿಂದಿನ ಡಿಶ್ ಕೇಬಲನ್ನೂ ತಿರುಪಿ ಬಿಚ್ಚಿಡಿ. ಸಿಡಿಲಿಗೆ ಸುಟ್ಟ ಬಾಕ್ಸ್ ಒಪ್ಪಂದದಲ್ಲಿ ಬರುವುದಿಲ್ಲ. ಟೆರೇಸಿಗೆ ಶೀಟ್ ಹಾಕಿಸುವವರು ಕೆಲಸ ಹಿಡಿಯುವ ಮೊದಲೇ ತಿಳಿಸಿ, ಛತ್ರಿಯನ್ನು ಹೊರಗೆ ಸ್ಥಳಾಂತರಿಸಿ ಕೊಡುತ್ತೇವೆ. ಕೇಬಲ್ ಸೇರಿ ₹600, ಕೇಬಲ್ 10 ಮೀಟರ್ ದಾಟಿದರೆ ಹೆಚ್ಚುವರಿ ಮೀಟರ್‌ಗೆ ₹25.

ಇಂತು,
ಸರ್ವಿಸ್ ವಿಭಾಗ
ಉಡುಪಿ